ಬ್ಲೀಚಿಂಗ್ ತೊಟ್ಟಿಗೆ ಬಿದ್ದ ಜಪಾನ್ ಕಾರ್ಬೊರೇಟರು

ನಮ್ಮ ಕೊಟ್ಟಿಗೆಯಲ್ಲಿ ಆಗ ಎರಡು ಸೀಮೆಹಸು, ಒಂದು ಎಮ್ಮೆ ಮತ್ತು ಒಂದು ಜಪಾನ್ ಕಾರು ಇದ್ದವು. ಹಸುಗಳು ಹಾಲು ಕೊಡುತ್ತಿದ್ದವು, ಎಮ್ಮೆ ಗಬ್ಬವಾಗಿತ್ತು, ಕಾರು ಸುಮ್ಮನೆ ನಿಂತಿತ್ತು. ರಾಮನಗರದ ಹತ್ತಿರದ ನಮ್ಮ ಕೈಲಾಂಚದ ಸುತ್ತ ರೇಷ್ಮೆಹುಳು ಸಾಕುವ ಮನೆಗಳಿಗೆ ಲೆಕ್ಕವಿಲ್ಲ. ಕೊಟ್ಟಿಗೆಯಲ್ಲಿ ಕಾರು ಕಟ್ಟಿಕೊಂಡಿದ್ದ ಮನೆ ನಮ್ಮದೊಂದೇ.

ಕಾರು ತಂದವರು ನಮ್ಮ ಯಜಮಾನರು. ರಾಮನಗರದಲ್ಲಿ ಅವರಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಮೋಟಾರು, ರೇಷ್ಮೆ ನೂಲು ಬಿಚ್ಚುವ ಮಿಷನ್ನಿನ ಮೋಟಾರು ಸುಟ್ಟು ಬಂದರೆ ಹೊಸ ತಾಮ್ರದ ತಂತಿ ಸುತ್ತಿ ಕಳಿಸುವುದು ಕಸುಬು. ಬೆಂಗಳೂರಿನ ಕಡೆ ಒಬ್ಬ ಶ್ರೀಮಂತರ ತೋಟಕ್ಕೆ ಮೋಟಾರು ಕೂರಿಸಲು ಹೋದವರು, ಅಲ್ಲಿ ಮಾವಿನ ಮರದ ಕೆಳಗೆ ತಾಡಪಾಲು ಹೊದ್ದು ಮಲಗಿದ್ದ ಈ ಕಾರನ್ನು ನೋಡಿ ಬಂದರು. ಆಮೇಲೆ ಒಂದು ತಿಂಗಳು ಅವರಿಗೆ ಊಟ ಸೇರಲಿಲ್ಲ. ಮದುವೆಗೆ ಮುಂಚೆ ನನ್ನನ್ನು ನೋಡಿಕೊಂಡು ಹೋದಾಗಲೂ ಹೀಗೇ ಊಟ ಬಿಟ್ಟಿದ್ದರಾ ಎಂದು ಅತ್ತೆಯನ್ನು ಕೇಳಿದೆ. "ಇಲ್ಲ ಕಣವ್ವ, ಅವತ್ತು ಎರಡು ಮುದ್ದೆ ಉಂಡ" ಅಂದರು.

ಕೊನೆಗೆ ಆ ಶ್ರೀಮಂತರೇ, ಜಾಗ ಖಾಲಿಯಾದರೆ ಸಾಕೆಂದು, ಮೋಟಾರಿನ ಕೂಲಿಗೆ ಬದಲಾಗಿ ಕಾರನ್ನೇ ತೆಗೆದುಕೊಂಡು ಹೋಗಿ ಎಂದುಬಿಟ್ಟರು. ಇವರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮೈಸೂರು ರಸ್ತೆಯುದ್ದಕ್ಕೂ ಎಳೆದು ತಂದರು. ಕೆಂಪು ಬಣ್ಣ, ಎರಡೇ ಬಾಗಿಲು, ಮೂತಿ ಉದ್ದ, ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ. ಜೋರಾಗಿ ಓಡಲೆಂದೇ ಜಪಾನಿನವರು ಮಾಡಿದ ಗಾಡಿಯಂತೆ. ನಮ್ಮ ಬೀದಿಯ ಹಿರಿಯರೊಬ್ಬರು ಅದಕ್ಕೆ ಒಂದು ಸುತ್ತು ಬಂದು, "ಇದು ಎದ್ದು ನಿಂತ್ಕಳೋದು ಯಾವಾಗ್ಲಾ?" ಎಂದು ಕೇಳಿದರು.

ಅದರ ಮುಂದಿನ ದೀಪಗಳು ಹೊರಗೆ ಕಾಣುತ್ತಿರಲಿಲ್ಲ. ಗುಂಡಿ ಒತ್ತಿದರೆ ರೆಪ್ಪೆ ತೆರೆದ ಹಾಗೆ ಮೂತಿಯ ಮೇಲಿನಿಂದ ಏಳುತ್ತಿದ್ದವು. ಅವನ್ನು ಎತ್ತುವ ಪುಟ್ಟ ಮೋಟಾರುಗಳು ಸುಟ್ಟಿದ್ದವು. ಮೋಟಾರು ಅಂದಮೇಲೆ ನಮ್ಮವರಿಗೆ ಕೇಳಬೇಕೆ? ವಾರದೊಳಗೆ ಸರಿ ಮಾಡಿದರು. ಹಾಗಾಗಿ ನಮ್ಮ ಕಾರು ಓಡುತ್ತಿರಲಿಲ್ಲ, ಆದರೆ ಕಣ್ಣು ಬಿಡುತ್ತಿತ್ತು. ಸುತ್ತಲ ಹಳ್ಳಿಯವರು ಮೊಪೆಡ್ಡಿನಲ್ಲಿ ಬಂದು, ಕಾರು ಕಣ್ಣು ಬಿಟ್ಟು ಮುಚ್ಚುವುದನ್ನು ನೋಡಿ, ನಾನು ಮಾಡಿದ ಕಾಫಿ ಕುಡಿದು ಹೋಗುತ್ತಿದ್ದರು. ಹಾಲು ಕೊಡುವ ಹಸುವನ್ನು ಒಬ್ಬರೂ ತಿರುಗಿ ನೋಡಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಾರು ಕೊನೆಗೆ ಓಡಿತೇ ಎಂದು ಕಾಯುತ್ತ ಕೂರಬೇಡಿ. ಓಡಿತು, ಮಾರನೆಯ ವರ್ಷ. ಕೆಲವು ಕಾಲ ಚೆನ್ನಾಗಿಯೇ ಓಡಿತು. ನನಗೆ ನೆನಪಿರುವುದು ಮಾತ್ರ ಅದು ಓಡದೆ ನಿಂತಿದ್ದ ಕಾಲ.

ಓಡದಿದ್ದುದಕ್ಕೆ ಕಾರಣ ಸ್ಪೇರು. ಜಪಾನ್ ಗಾಡಿಯ ಸ್ಪೇರು ನಮ್ಮ ದೇಶದಲ್ಲಿ ಅಂಗಡಿಗೆ ಹೋಗಿ ಕೇಳಿ ತರುವ ವಸ್ತುವಲ್ಲ ಎಂದು ನನಗೆ ಗೊತ್ತಾಗಿದ್ದು ಆಗಲೇ. ಭಾನುವಾರ ಬಂದರೆ ಇವರು ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲಿಗೆ ಹೊರಟರು. ಸಂಜೆ ಬಂದು ಕೈ ತೊಳೆಯುತ್ತ ಪಾಠ ಹೇಳುತ್ತಿದ್ದರು. ಸ್ಪೇರಿನಲ್ಲಿ ಮೂರು ಜಾತಿಯಂತೆ: ಒರಿಜಿನಲ್, ಡೂಪ್ಲಿಕೇಟ್, ಮತ್ತೆ "ಒರಿಜಿನಲ್ ಥರದ್ದು". ಈ ಮೂರನೆಯದೇ ಮಹಾ ಮೋಸದ್ದಂತೆ. ಡೂಪ್ಲಿಕೇಟಿಗೆ ತಾನು ಡೂಪ್ಲಿಕೇಟ್ ಎಂಬ ನಾಚಿಕೆಯಾದರೂ ಇರುತ್ತದೆ, ಒರಿಜಿನಲ್ ಥರದ್ದಕ್ಕೆ ಅದೂ ಇಲ್ಲ ಎನ್ನುತ್ತಿದ್ದರು. ನಮ್ಮ ಸಂಬಂಧಿಕರಲ್ಲಿ ಕೆಲವರನ್ನು ನೆನೆದು ನಾನು ತಲೆಯಾಡಿಸುತ್ತಿದ್ದೆ.

ಒಂದೊಂದು ಸಾಮಾನಿಗೂ ಒಂದೊಂದು ಊರು. ಗೇರಿನ ಹಿಡಿಯ ಗುಂಡು ಮುರಿದು ಹೋಗಿತ್ತು. ಅದನ್ನು ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಹತ್ತಿರ ಹಾಲೆಮರದಲ್ಲಿ ಕಡೆಸಿ ತಂದರು. ಕಪ್ಪು ಬಣ್ಣ ಹಾಕಿ ಎಂದಿದ್ದರಂತೆ. ಕಡೆದವರಿಗೆ ಬರೀ ಕಪ್ಪು ಹಾಕಲು ಮನಸ್ಸು ಬಂದಿಲ್ಲ. ಕೆಂಪು, ಹಳದಿ, ಹಸಿರು ಉಂಗುರ ಎಳೆದು, ಅರಗಿನ ಹೊಳಪು ಕೊಟ್ಟು, ಬುಗುರಿಯ ಹಾಗೆ ಮಾಡಿ ಕೊಟ್ಟಿದ್ದರು. "ಈ ಗಾಡೀಲಿ ಮನ್ಸ ನೋಡಂಗಿರೋದು ಇದೊಂದೇ ಕಣ್ಲಾ" ಎಂದರು ಅತ್ತೆ.

ಎಡಗಡೆಯ ಬಾಗಿಲು ತುಕ್ಕು ಹಿಡಿದು ಜರಡಿಯಾಗಿತ್ತು. ಮಾಗಡಿ ಕಡೆ ಒಂದು ತೋಟದಲ್ಲಿ ಇಂಥದ್ದೇ ಕಾರಿನ ಬಾಗಿಲಿದೆ ಎಂದು ಯಾರೋ ಹೇಳಿದರು. ಹೋಗಿ ನೋಡಿದರೆ ಬಾಗಿಲಿದ್ದದ್ದು ನಿಜ, ಕೋಳಿಗೂಡಿಗೆ. ತೋಟದವರು ಅದರ ಗಾಜನ್ನು ಹಿಡಿಯಿಂದ ತಿರುಗಿಸಿ ಇಳಿಸುವುದು, ಒಳಗೆ ಕಾಳು ಎಸೆಯುವುದು, ಮತ್ತೆ ಏರಿಸುವುದು. ಇಂಥ ಅನುಕೂಲದ ಬಾಗಿಲನ್ನು ಕೊಡಲು ಅವರೇನು ದಡ್ಡರೇ? ನಮ್ಮವರು ಎರಡು ಭಾನುವಾರ ಅಲ್ಲೇ ಕೂತು ಮರದ ಬಾಗಿಲು ಮಾಡಿ, ಅದಕ್ಕೊಂದು ಕಿಟಕಿಯನ್ನೂ ಇಟ್ಟು ಕೊಟ್ಟ ಮೇಲೆ ಬಾಗಿಲು ಬಿಟ್ಟುಕೊಟ್ಟರು. ನಮ್ಮ ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಿ ಎಂದು ನಾನು ಹೇಳಿ ಹೇಳಿ ಆಗಲೇ ಒಂದು ವರ್ಷವಾಗಿತ್ತು.

ಎಲ್ಲ ಸಿಕ್ಕಿತು, ಸಿಗದೆ ಉಳಿದದ್ದು ಕಾರ್ಬೊರೇಟರು. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಕಲೆಸಿ ಎಂಜಿನ್ನಿಗೆ ಉಣ್ಣಿಸುವ ವಸ್ತು ಅದು. ಈ ಕಾರಿಗೆ ಒಂದು ಸಾಲದೆ ಜೋಡಿ ಬೇಕು. ಬೆಂಗಳೂರಿನಲ್ಲಿ ಇಲ್ಲ, ಮೈಸೂರಿನಲ್ಲಿ ಇಲ್ಲ. ಕಡೆಗೆ ಕೊಯಮತ್ತೂರಿನಲ್ಲಿ ರೇಸಿನ ಗಾಡಿ ರಿಪೇರಿ ಮಾಡುವವರೊಬ್ಬರ ಬಳಿ, ಇದೇ ಕಾರಿನವು, ಅಸಲು ಒರಿಜಿನಲ್, ಒಂದೇ ಒಂದು ಜೋಡಿ ಸಿಕ್ಕಿತು. ಇನ್ನೊಂದು ಜೋಡಿ ಬೇಕೆಂದರೆ ಜಪಾನಿಗೇ ಹೋಗಿ ಎಂದು ಅವರು ಹೇಳಿ ಕಳಿಸಿದರಂತೆ. ಇವರು ಅದನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ನಮ್ಮ ಮಗಳನ್ನು ಮೊದಲ ಸಲ ಎತ್ತಿಕೊಂಡಾಗಲೂ ಅವರ ಮುಖ ಹಾಗಿರಲಿಲ್ಲ ಎಂದು ಹೇಳಿದರೆ ನನಗೆ ಹೊಟ್ಟೆಕಿಚ್ಚು ಎನ್ನುತ್ತೀರಿ. ಇರಲಿ.

ತಂದದ್ದನ್ನು ಇಡಲು ಜಾಗ ಬೇಕಲ್ಲ. ಕೊಟ್ಟಿಗೆಯಲ್ಲಿ ಗಂಜಲ, ಅಟ್ಟದಲ್ಲಿ ಇಲಿ. ಇಡೀ ಮನೆಯಲ್ಲಿ ಧೂಳಿಲ್ಲದ, ಇಲಿ ಬಾರದ ಜಾಗ ಅಂದರೆ ಹುಳುಮನೆ. ರೇಷ್ಮೆಹುಳು ಸಾಕುವ ಆ ಉದ್ದನೆಯ ಕೋಣೆ ನನ್ನದು ಮತ್ತು ಅತ್ತೆಯದು. ಒಂದು ಬೆಳೆ ಮುಗಿದು ಗೂಡು ಮಾರಿ ಆಗಿತ್ತು, ಮುಂದಿನ ಬೆಳೆಗೆ ಇನ್ನೂ ಹೊತ್ತಿತ್ತು. "ಒಸಿ ದಿನ ಅಷ್ಟೇ" ಎಂದು ಇವರು ಅಂಗಲಾಚಿದರು. ಬಿದಿರಿನ ಹುಳುತಟ್ಟೆಯೊಂದರಲ್ಲಿ ಜೋಡಿಯನ್ನು ಮಲಗಿಸಿ, ಮೇಲೆ ಹಳೆಯ ಪೇಪರು ಹೊದಿಸಿ ಇಟ್ಟರು.

ಇಟ್ಟವರು ಶಬರಿಮಲೆಗೆ ಮಾಲೆ ಹಾಕಿದ್ದರು. ಕಪ್ಪು ಪಂಚೆ, ಬರಿಗಾಲು, ಎರಡು ಹೊತ್ತು ತಣ್ಣೀರ ಸ್ನಾನ. ಮಾಲೆ ಇರುವ ತನಕ ಎಲ್ಲರೂ ಅವರನ್ನು ಸ್ವಾಮಿ ಎನ್ನಬೇಕು, ಅವರು ಯಾರ ಮೇಲೂ ಕೋಪ ಮಾಡಿಕೊಳ್ಳುವ ಹಾಗಿಲ್ಲ. ಹೇಳಬೇಕೆಂದು ವರ್ಷದಿಂದ ಕೂಡಿಟ್ಟುಕೊಂಡದ್ದನ್ನೆಲ್ಲ ನಾನು ಆ ದಿನಗಳಲ್ಲಿ ಹೇಳಿ ಮುಗಿಸಿಕೊಂಡೆ. ಬಚ್ಚಲಿನ ಚಿಲಕದಿಂದ ಶುರುಮಾಡಿ ನನ್ನ ತಮ್ಮನ ಮದುವೆಗೆ ತಡವಾಗಿ ಬಂದದ್ದರವರೆಗೆ. ಎಲ್ಲಕ್ಕೂ ಅವರು "ಸ್ವಾಮಿ ಶರಣಂ" ಎನ್ನುತ್ತಿದ್ದರು. ಮಾಲೆ ಹಾಕಿದಾಗ ಪೆಟ್ರೋಲು, ಗ್ರೀಸು ಮುಟ್ಟುವುದಿಲ್ಲವೆಂದು ಅವರೇ ಒಂದು ನೇಮ ಮಾಡಿಕೊಂಡಿದ್ದರು. ಮಲೆಯಿಂದ ಬಂದು, ಮಾಲೆ ತೆಗೆಸಿಕೊಂಡು, ಆಮೇಲೆ ಜೋಡಿಯನ್ನು ಕೂರಿಸುವುದು ಎಂದು ಹೇಳಿ ಇರುಮುಡಿ ಹೊತ್ತು ಹೊರಟರು.

ಅವರು ಹೊರಟ ದಿನ ಸಂಜೆಯೇ ಅತ್ತೆ ಹುಳುಮನೆ ತೊಳೆಯಲು ನಿಂತರು.

ಹುಳು ಸಾಕುವವರ ಮಡಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ಹೊಸ ಬೆಳೆಗೆ ಮುಂಚೆ ಗೋಡೆ, ನೆಲ, ತಟ್ಟೆ, ಬುಟ್ಟಿ, ಗೂಡು ಕಟ್ಟುವ ಚಂದ್ರಂಕಿ ಎಲ್ಲಕ್ಕೂ ಬ್ಲೀಚಿಂಗ್ ಪುಡಿ ಕದಡಿದ ನೀರು. ಹುಳುವಿಗೆ ರೋಗ ತಗುಲಿದರೆ ಒಂದೇ ರಾತ್ರಿಯಲ್ಲಿ ಬೆಳೆ ಹೋಗುತ್ತದೆ. ಅತ್ತೆಯಂತೂ ಇದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲೆ. ಹೂ ಮುಡಿದವರನ್ನು, ಪೌಡರು ಹಾಕಿದವರನ್ನು ಬಾಗಿಲಲ್ಲೇ ನಿಲ್ಲಿಸುವರು. ಒಮ್ಮೆ ರೇಷ್ಮೆ ಇಲಾಖೆಯ ಆಫೀಸರು ಬಂದಾಗ ಬೂಟು ಬಿಚ್ಚಿಸಿ, ಬ್ಲೀಚಿಂಗ್ ನೀರಿನಲ್ಲಿ ಅವರ ಕಾಲು ಅದ್ದಿಸಿಯೇ ಒಳಗೆ ಬಿಟ್ಟಿದ್ದರು. ಹುಳುಮನೆಯಲ್ಲಿದ್ದ ಯಾವ ವಸ್ತುವೂ ಆ ನೀರು ಕಾಣದೆ ಮುಂದಿನ ಬೆಳೆ ನೋಡುವಂತಿಲ್ಲ, ಅದು ಅವರ ಕಾನೂನು.

ಮಾರನೆಯ ಬೆಳಗ್ಗೆ ನಾನು ಹಿಪ್ಪುನೇರಳೆ ಸೊಪ್ಪಿನ ತೋಟಕ್ಕೆ ಹೋಗಿದ್ದೆ. ಮಧ್ಯಾಹ್ನ ಬಂದಾಗ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ತಟ್ಟೆಗಳೆಲ್ಲ ಮುಳುಗಿದ್ದವು. ಅತ್ತೆ ತೃಪ್ತಿಯಿಂದ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಪೇಪರಿನ ಕೆಳಗಿದ್ದದ್ದನ್ನು ಎಲ್ಲಿಟ್ಟಿರಿ ಎಂದು ಕೇಳಿದೆ.

"ಅವನ್ನೂ ಹಾಕಿವ್ನಿ ಕಣವ್ವ. ಎಲ್ಲೆಲ್ಲೋ ಇದ್ದು ಬಂದವು, ಯಾವ ಊರಿನ ರೋಗ ತಂದಿದ್ದಾವೋ. ನೆನ್ನೆಯಿಂದ ನೆನೀತಾವೆ."

ನಿನ್ನೆ ಸಂಜೆಯೇ ಹಾಕಿ ತಾನು ಎಷ್ಟು ಮುಂಜಾಗ್ರತೆ ಮಾಡಿದೆ ಎಂಬ ಬಿಂಕ ಆ ಮಾತಿನಲ್ಲಿತ್ತು. ನಾನು ತೋಳು ಮಡಿಸಿ ತೊಟ್ಟಿಗೆ ಕೈ ಹಾಕಿದೆ. ಕೈಗೆ ಸಿಕ್ಕ ವಸ್ತುವಿಗೂ ಟವೆಲ್ಲಿನಲ್ಲಿ ಬಂದ ವಸ್ತುವಿಗೂ ಸಂಬಂಧವೇ ಇರಲಿಲ್ಲ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಲೋಹದ ಮೇಲೆ ಬಿಳಿ ಬೂಷ್ಟು ಎದ್ದಿತ್ತು. ಮೈತುಂಬ ಸಿಡುಬಿನ ಕಲೆಯಂತೆ ಗುಳಿ. ಹಿತ್ತಾಳೆಯ ತುಣುಕುಗಳು ಹಸಿರಾಗಿದ್ದವು. ತಿರುಗಬೇಕಾದ ಚಕ್ರ ಬಿಗಿದುಕೊಂಡಿತ್ತು. ನೋಡಿ ನನಗೆ ಮೊದಲು ಬಂದದ್ದು ನಗು. ಸುಳ್ಳು ಯಾಕೆ ಹೇಳಲಿ? ಆ ಕಾರಿನ ಮೇಲಿದ್ದ ಸಿಟ್ಟೆಲ್ಲ ನಗುವಾಗಿ ಬಂತು. ಅತ್ತೆಯ ಮುಖ ನೋಡಿದ ಮೇಲೆ ನಗು ನಿಂತುಹೋಯಿತು.

ಅವರು ಎಲೆಯಡಿಕೆ ಉಗಿದು, ತೊಟ್ಟಿಯ ಕಟ್ಟೆ ಹಿಡಿದು ಕುಸಿದಿದ್ದರು. "ನನ್ ಕುಟೆ ಮಾತ್ ಬುಟ್ಬುಡ್ತಾನೆ ಕಣವ್ವ" ಎಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮವರಿಗೆ ಸಿಟ್ಟು ಬಂದರೆ ಕೂಗುವುದಿಲ್ಲ, ಮಾತು ನಿಲ್ಲಿಸುತ್ತಾರೆ. ನಾನು ಈ ಮನೆಗೆ ಬರುವ ಮುಂಚೆ ಅವರು ಗುಜರಿಯ ತುಂಡುಗಳನ್ನೇ ಜೋಡಿಸಿ ಒಂದು ಸ್ಕೂಟರು ಕಟ್ಟಿದ್ದರಂತೆ. ತೋಟದ ಕೆಲಸ ಬಿಟ್ಟು ಸ್ಕೂಟರಿನ ಹಿಂದೆ ಬಿದ್ದಿದ್ದಾನೆಂದು ಮಾವ ಒಂದು ದಿನ ಹೇಳದೆ ಕೇಳದೆ ಅದನ್ನು ಚನ್ನಪಟ್ಟಣದವರಿಗೆ ಮಾರಿಬಿಟ್ಟರು. ಅಂದಿನಿಂದ ಮಗ ಅಪ್ಪನ ಜೊತೆ ಮಾತು ಬಿಟ್ಟರು. ಎದುರೆದುರು ಉಣ್ಣಲು ಕೂತಾಗಲೂ "ಅವ್ವ, ಪಂಪು ಆಫ್ ಮಾಡ್ಬೇಕಂತ ಅಪ್ಪಂಗೆ ಹೇಳು" ಎನ್ನುವರು. ಅತ್ತೆ ಅದನ್ನೇ ಮಾವನ ಕಡೆ ತಿರುಗಿ ಹೇಳುವರು. ಮಾವ "ಆಯ್ತಂತೆ ಅನ್ನು" ಎನ್ನುವರು. ಬೀದಿಯವರಿಗೆ ಇದೊಂದು ತಮಾಷೆಯಾಗಿತ್ತು. ಹೀಗೇ ಒಂದು ವರ್ಷದ ಹತ್ತಿರ ನಡೆಯಿತು. ಒಂದು ಬೆಳಗ್ಗೆ ಮಾವ ಎದೆನೋವೆಂದು ಕೂತವರು ಏಳಲಿಲ್ಲ. ಅಪ್ಪ ಮಗನ ನಡುವೆ ಆ ಮಾತು ಹಾಗೇ ಉಳಿದುಹೋಯಿತು. ಅದರ ಬಗ್ಗೆ ನಮ್ಮವರು ನನ್ನೆದುರು ಒಂದು ದಿನವೂ ಬಾಯಿ ಬಿಟ್ಟಿಲ್ಲ.

"ನಂಗೂ ವಯಸ್ಸಾತು. ಅವರಪ್ಪನಂಗೆ ನಾನೂ ಹೋಗ್ಬುಟ್ರೆ? ಅವನು ಅವ್ವ ಅಂತ ಅನ್ನದೆ ಹೋಗ್ಬುಟ್ರೆ?" ಎಂದರು ಅತ್ತೆ.

ಯಾವುದಕ್ಕೂ ಹೆದರದ ಹೆಂಗಸು. ಆಫೀಸರ ಬೂಟು ಬಿಚ್ಚಿಸಿದವರು. ಅವರು ಹಾಗೆ ಕೇಳಿದಾಗ ನಾನು ಅವರ ತೋಳು ಹಿಡಿದು ಎತ್ತಿದೆ. "ಏಳಿ ಅತ್ತೆ, ಅವರು ಬರೋ ಅಷ್ಟರಲ್ಲಿ ಇಂಥದ್ದೇ ಇನ್ನೊಂದು ಜೋಡಿ ತಂದಿಟ್ಟುಬಿಡೋಣ" ಎಂದುಬಿಟ್ಟೆ. ಅವರು ಅಲೆದು ಅಲೆದು ಕೊಯಮತ್ತೂರಿನವರೆಗೆ ಹೋಗಿ ತಂದದ್ದನ್ನು ನಾವು ಪೇಟೆಯ ಅಂಗಡಿಯಿಂದ ಬಳೆ ತರುವ ಹಾಗೆ ತಂದುಬಿಡಬಹುದೆಂದು ಆ ಕ್ಷಣಕ್ಕೆ ಅನ್ನಿಸಿತ್ತು.

ರಾಮನಗರದಲ್ಲಿ ಕೇಳುವಂತಿಲ್ಲ. ಅಲ್ಲಿ ಗ್ಯಾರೇಜಿನವರೆಲ್ಲ ಇವರ ದೋಸ್ತಿಗಳು. ಹಾಗಾಗಿ ಕೆಟ್ಟುಹೋದ ಒಂದನ್ನು ಚೀಲದಲ್ಲಿ ಹಾಕಿ, ಮೇಲೆ ಅವರೆಕಾಯಿ ತುಂಬಿ, ಯಾರಾದರೂ ಕೇಳಿದರೆ ನೆಂಟರ ಮನೆಗೆ ಎನ್ನುವುದೆಂದು ಪಾಠ ಮಾಡಿಕೊಂಡು ಬಸ್ಸು ಹತ್ತಿದೆವು. ಕಂಡಕ್ಟರು ಚೀಲವನ್ನು ಪಕ್ಕಕ್ಕೆ ತಳ್ಳಲು ಹೋಗಿ, "ಏನಮ್ಮ, ಈ ವರ್ಷ ಅವರೆಕಾಯಿ ಇಷ್ಟು ತೂಕ?" ಎಂದ. "ಸೊಗಡು ಜಾಸ್ತಿ ಕಣಪ್ಪ" ಎಂದರು ಅತ್ತೆ.

ಚನ್ನಪಟ್ಟಣದಲ್ಲಿ ಎರಡು ಸ್ಪೇರ್ ಅಂಗಡಿಗೆ ಹೋದೆವು. ಮೊದಲನೆಯವರು ನಮ್ಮನ್ನು ನೋಡಿದ ಕೂಡಲೇ ಮಿಕ್ಸಿ ರಿಪೇರಿ ಪಕ್ಕದಲ್ಲಿ ಎಂದರು. ಎರಡನೆಯವರು ಚೀಲದಿಂದ ತೆಗೆದದ್ದನ್ನು ಎರಡು ಬೆರಳಲ್ಲಿ ಹಿಡಿದು, "ಇದೇನಮ್ಮ, ಸುಣ್ಣದ ಗುಂಡೀಲಿ ಬಿದ್ದಿತ್ತಾ?" ಎಂದರು. "ಬಾವೀಲಿ ಬಿದ್ದಿತ್ತು" ಎಂದರು ಅತ್ತೆ. "ಯಾವ ಗಾಡಿದು?" "ಕೆಂಪು ಗಾಡಿ." ಅವರು ನನ್ನ ಮುಖ ನೋಡಿದರು. ನಾನು "ಜಪಾನಿಂದು, ಕಣ್ಣು ಬಿಡುತ್ತೆ" ಎಂದೆ. ಅವರು ಚೀಲವನ್ನು ಗೌರವದಿಂದ ಹಿಂದಕ್ಕೆ ಕೊಟ್ಟು, ಕನಕಪುರದ ಗುಜರಿಯಲ್ಲಿ ನೋಡಿ ಎಂದರು.

ಮಾರನೆಯ ದಿನ ಕನಕಪುರ. ಗುಜರಿಯವನು ಒಂದು ಗೋಣಿಚೀಲವನ್ನು ನಮ್ಮ ಮುಂದೆ ಸುರಿದ. ಸ್ಕೂಟರಿಂದು, ಜೀಪಿಂದು, ಯಾವ ಕಾಲದ್ದೋ ಕಾರಿಂದು, ಎಲ್ಲ ಕಾರ್ಬೊರೇಟರುಗಳೇ. ನಾನು ಚೀಲದಲ್ಲಿದ್ದದ್ದನ್ನು ತೆಗೆದು ತೂತಿಗೆ ತೂತು, ಮೂತಿಗೆ ಮೂತಿ ಹೋಲಿಸಲು ಕೂತೆ. ಅತ್ತೆಗೆ ಅಷ್ಟು ತಾಳ್ಮೆಯಿಲ್ಲ. ಅವರು ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸತೊಡಗಿದರು.

ರೇಷ್ಮೆಗೂಡು ನೋಡುವವರು ಮಾಡುವುದು ಹಾಗೆಯೇ. ಗೂಡನ್ನು ಕಿವಿಗೆ ಹಿಡಿದು ಅಲುಗಿಸಿದಾಗ ಒಳಗಿನ ಹುಳು ಟಪಟಪ ಎಂದರೆ ಒಳ್ಳೆಯ ಗೂಡು, ಸದ್ದಿಲ್ಲದಿದ್ದರೆ ಒಳಗೆ ಸತ್ತು ಕರಗಿದೆ ಎಂದರ್ಥ. ಇದರಲ್ಲಿ ಅತ್ತೆಯ ಕಿವಿ ತಪ್ಪಿದ್ದೇ ಇಲ್ಲ. ಈಗ ಅದೇ ಕಿವಿಯಿಂದ ಅವರು ಗುಜರಿಯವನ ಕಾರ್ಬೊರೇಟರುಗಳನ್ನು ಬೇರೆ ಮಾಡಿದರು. ಸದ್ದಿಲ್ಲದವು ಒಂದು ಕಡೆ, ಗಲಗಲ ಎನ್ನುವವು ಇನ್ನೊಂದು ಕಡೆ. ಗುಜರಿಯವನು ಬೀಡಿ ಹಚ್ಚುವುದನ್ನು ಮರೆತು ನೋಡುತ್ತಿದ್ದ. ಕೊನೆಗೆ ಅತ್ತೆ ಎಲ್ಲಕ್ಕಿಂತ ಜೋರಾಗಿ ಗಲಗುಟ್ಟುವ ಎರಡನ್ನು ಎತ್ತಿಕೊಂಡು, "ಇವೆರಡೂ ಜೀವಂತವಾಗವೆ" ಎಂದರು.

"ಅಜ್ಜಿಗೆ ಮಾಲು ಗೊತ್ತಾಯ್ತದೆ" ಎಂದ ಅವನು. ಒಳ್ಳೆಯ ಕಾರ್ಬೊರೇಟರು ಅಷ್ಟು ಗಲಗುಟ್ಟಬಾರದು, ಗಲಗುಟ್ಟಿದರೆ ಒಳಗೆ ಏನೋ ಮುರಿದು ಬಿದ್ದಿದೆ ಎಂದು ಲೆಕ್ಕ. ಅವನಿಗೆ ಅದು ಗೊತ್ತಿರದೆ ಇರಲಿಲ್ಲ.

ನನಗೆ ಅನುಮಾನವಿತ್ತು. ಇವು ಜಪಾನಿನವೇ ಎಂದು ಗದರಿಸಿ ಕೇಳಿದೆ. "ಜಪಾನೇ ಅಕ್ಕ. ಸಣ್ಣಗೈತಲ್ಲ, ನೋಡಿ. ಜಪಾನಿಂದು ಅಂದ್ರೆ ಎಲ್ಲಾ ಸಣ್ಣದೇ. ರೇಡಿಯೊ ನೋಡಿಲ್ವಾ?" ಎಂದ. ಮನೆಯಲ್ಲಿ ಜಪಾನ್ ರೇಡಿಯೊ ಇತ್ತು, ಸಣ್ಣದೇ ಇತ್ತು. ಅತ್ತೆ ಅಷ್ಟರಲ್ಲಿ ಅವರೆಕಾಯಿಯನ್ನೂ ಅವನಿಗೇ ಕೊಟ್ಟು, ಅದಕ್ಕೆ ತಕ್ಕ ರೇಟು ಇಳಿಸಿಕೊಂಡಿದ್ದರು.

ಮನೆಗೆ ಬಂದು ಎರಡನ್ನೂ ಹುಣಸೆಹಣ್ಣು, ಬೂದಿ ಹಾಕಿ ದೇವರ ಪಾತ್ರೆಯ ಹಾಗೆ ತಿಕ್ಕಿದೆವು. ಒಂದು ಇನ್ನೊಂದಕ್ಕಿಂತ ಒಂದಿಷ್ಟು ದಪ್ಪಗಿತ್ತು. ಅಣ್ಣತಮ್ಮಂದಿರೆಂದರೂ ನಂಬಬಹುದು, ಜೋಡಿ ಎಂದರೆ ಯಾರೂ ನಂಬುವಂತಿರಲಿಲ್ಲ. ತಟ್ಟೆಯಲ್ಲಿ ಮಲಗಿಸಿ, ಹೊಸ ಪೇಪರು ಹೊದಿಸಿದೆವು. ಸುಮ್ಮನಿದ್ದುಬಿಡಿ, ಕೊಯಮತ್ತೂರಿನವರೇ ಮೋಸ ಮಾಡಿದರು ಎಂದುಕೊಳ್ಳಲಿ ಎಂದು ನಾನು ಬುದ್ಧಿ ಹೇಳಿದೆ. ಅತ್ತೆ ಪೇಪರಿನ ಅಂಚನ್ನು ಇನ್ನೊಮ್ಮೆ ಎಳೆದು ಸರಿಮಾಡಿದರು.

ಇವರು ಗಡ್ಡ ಬಿಟ್ಟುಕೊಂಡು, ಪ್ರಸಾದದ ಡಬ್ಬಿ ಹಿಡಿದು ಬಂದರು. ಬಂದವರ ಮಾಲೆಯನ್ನು ದೇವರ ಮುಂದೆ ಕಾಯಿ ಒಡೆದು ತೆಗೆಯಬೇಕು. ನಮ್ಮ ಮನೆಯಲ್ಲಿ ಅದನ್ನು ತೆಗೆಯುವುದು ಹೆತ್ತ ತಾಯಿ. ಇವರು ಸ್ನಾನ ಮಾಡಿ ಬಂದು ಕೂತರು. ಅತ್ತೆ, "ಇವತ್ತು ಮಂಗಳವಾರ, ಬ್ಯಾಡ" ಎಂದರು. ಮಾರನೆಯ ದಿನ ಕೂತಾಗ, "ರಾಹುಕಾಲ ಬಂದ್ಬುಡ್ತು" ಎಂದರು. ಆಮೇಲೆ ಕಾಯಿ ಸರಿಯಿಲ್ಲ ಎಂದರು. ಮಾಲೆ ತೆಗೆಯದೆ ಕಾರು ಮುಟ್ಟುವಂತಿಲ್ಲ. ಕಾರು ಮುಟ್ಟದೆ ಇವರಿಗೆ ಕೈ ಕಡಿಯುತ್ತಿದೆ. ಕೋಪ ಮಾಡಿಕೊಳ್ಳುವಂತೆಯೂ ಇಲ್ಲ. ಕೊಟ್ಟಿಗೆಗೆ ಹೋಗಿ ಬೆರಳ ತುದಿಯಲ್ಲಿ ಗುಂಡಿ ಒತ್ತಿ, ಕಾರಿನ ಕಣ್ಣು ಬಿಡಿಸಿ, ಮುಚ್ಚಿಸಿ, ಸ್ವಾಮಿ ಶರಣಂ ಎಂದು ನಿಟ್ಟುಸಿರಿಟ್ಟು ಬರುವರು.

ಅಡಿಗೆಮನೆಯಲ್ಲಿ ಅತ್ತೆಯನ್ನು ಹಿಡಿದು ಕೇಳಿದೆ. "ಮಾಲೆ ಇರೋಗಂಟ ಅವನು ಕೋಪ ಮಾಡ್ಕಳಂಗಿಲ್ಲ ಕಣವ್ವ. ಮಾಲೆ ಇದ್ದಾಗ್ಲೇ ಹೇಳ್ಬುಡಾನ ಅಂತ ನೋಡ್ತೀನಿ. ಬಾಯೇ ಬರಾಕಿಲ್ಲ" ಎಂದರು. ಸುಳ್ಳಿನ ದಾರಿ ಅವರಿಗೆ ಆಗಿಬರಲಿಲ್ಲವೆಂದು ಆಗ ಗೊತ್ತಾಯಿತು.

ಮರುದಿನ ಇವರೇ ಹೊಸ ಕಾಯಿ ತಂದು, ಪಂಚಾಂಗ ನೋಡಿಸಿಕೊಂಡು ಬಂದು ದೇವರ ಮುಂದೆ ಕೂತರು. "ಅವ್ವ, ಇವತ್ತು ಎಲ್ಲಾ ಸರಿಯಾಗೈತೆ. ತೆಗಿ" ಎಂದರು. ಅತ್ತೆ ಹತ್ತಿರ ಹೋಗಿ ಮಾಲೆಗೆ ಕೈ ಹಾಕಿದವರು, ಹಾಗೇ ಹಿಡಿದು ನಿಂತರು.

"ಸ್ವಾಮಿ, ನಿನ್ನ ಸಾಮಾನ ನಾನು ಬ್ಲೀಚಿಂಗ್ ನೀರಿಗೆ ಹಾಕ್ಬುಟ್ಟೆ. ಹಾಳಾಗೋದ್ವು. ತಟ್ಟೇಲಿರೋವು ಕನಕಪುರದ ಗುಜರಿವು."

ಇವರು ತಿರುಗಿ ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ. ನನಗೂ ಭಯವಾದದ್ದು ಅದಕ್ಕೇ.

"ಬೈದ್ಬುಡು ಕಣ್ಲಾ" ಎಂದರು ಅತ್ತೆ. ಸ್ವಾಮಿ ಎನ್ನುವುದು ಮರೆತುಹೋಗಿತ್ತು. "ಮಾಲೆ ತೆಗೆದ ಮೇಲೆ ಎಷ್ಟ್ ಬೇಕಾದ್ರೂ ಬೈಯಿ. ಅಪ್ಪನ ಕುಟೆ ಮಾಡ್ದಂಗೆ ಮಾಡ್ಬ್ಯಾಡ. ನಂಗೆ ತಡ್ಕಳಾಕೆ ಆಗಾಕಿಲ್ಲ."

ಆ ಮನೆಯಲ್ಲಿ ಮಾವನ ಮಾತನ್ನು ಹಾಗೆ ಯಾರೂ ಅದುವರೆಗೆ ಎತ್ತಿರಲಿಲ್ಲ. ಇವರು ಮಾಲೆಯಿಂದ ಅವ್ವನ ಕೈ ಬಿಡಿಸಿ ಎದ್ದು, ಸೀದಾ ಹುಳುಮನೆಗೆ ಹೋದರು. ಬಾಗಿಲಲ್ಲಿ ಇಟ್ಟಿದ್ದ ಬ್ಲೀಚಿಂಗ್ ನೀರಿನಲ್ಲಿ ಅಭ್ಯಾಸಬಲದಿಂದ ಕಾಲು ಅದ್ದಿದ್ದನ್ನು ನಾನು ಹಿಂದೆ ನಿಂತು ನೋಡಿದೆ. ಪೇಪರು ತೆಗೆದು, ದಪ್ಪಗಿದ್ದದ್ದನ್ನು ಎತ್ತಿದರು. ಅದು ಗಲಗಲ ಎಂದಿತು. ಕಿವಿಗೆ ಹಿಡಿದು ಮತ್ತೊಮ್ಮೆ ಅಲ್ಲಾಡಿಸಿದರು. ಮತ್ತೆ ನನ್ನ ಕಡೆ ನೋಡಿದರು.

"ಅತ್ತೆನೇ ಆರಿಸಿದ್ದು" ಎಂದೆ. "ಚೀಲವೆಲ್ಲ ಕಿವಿಗೆ ಹಿಡಿದು ನೋಡಿ."

ಅವರ ಮೀಸೆಯ ಕೆಳಗೆ ಏನೋ ಅಲುಗಿತೆಂದು ನನಗೆ ಅನ್ನಿಸಿತು. ನಗುವೋ ಅಳುವೋ ಹೇಳಲಾರೆ. ಅದನ್ನು ತಟ್ಟೆಯಲ್ಲಿಟ್ಟು, ಪೇಪರು ಸರಿಯಾಗಿ ಹೊದಿಸಿ, ವಾಪಸು ಬಂದು ದೇವರ ಮುಂದೆ ತಲೆ ಬಗ್ಗಿಸಿ ಕೂತರು. ಅತ್ತೆ ಮಾಲೆ ತೆಗೆದರು. ಇವರು ಅಡ್ಡಬಿದ್ದರು. ಒಂದು ಮಾತಿಲ್ಲ. ಎದ್ದು ಹಜಾಮರ ಅಂಗಡಿಗೆ ಹೋಗಿ ಗಡ್ಡ ತೆಗೆಸಿಕೊಂಡು ಬಂದರು, ಒಂದು ಮಾತಿಲ್ಲ. ಎಮ್ಮೆಗೆ ನೀರು ಕುಡಿಸಿದರು. ಕೊಟ್ಟಿಗೆಯಲ್ಲೇ ಇದ್ದ ಕಾರಿನ ಕಡೆ ತಿರುಗಲಿಲ್ಲ. ಅತ್ತೆ ನಡುಮನೆಯ ಗೋಡೆಗೆ ಒರಗಿ, ಮಗ ಹೋದ ಕಡೆಯೆಲ್ಲ ಕಣ್ಣು ತಿರುಗಿಸುತ್ತ ಕೂತಿದ್ದರು. ಕರೆದರೂ ಊಟಕ್ಕೆ ಏಳಲಿಲ್ಲ.

ಮಧ್ಯಾಹ್ನ ಇವರಿಗೆ ತಟ್ಟೆ ಹಾಕಿದೆ. ಮುದ್ದೆ, ಅವರೆಕಾಳು ಸಾರು. ಅರ್ಧ ಮುದ್ದೆಯವರೆಗೆ ತಲೆ ಎತ್ತದೆ ಉಂಡರು. ಆಗ ಅವ್ವನಿಗೆ "ಅಪ್ಪಂಗೆ ಹೇಳು" ಎನ್ನುತ್ತಿದ್ದ ಹಾಗೆ, ಇನ್ನು ನಾಳೆಯಿಂದ ನನಗೆ "ಅವ್ವಂಗೆ ಹೇಳು" ಶುರುವಾಗುತ್ತದೆ ಎಂದು ನಾನು ಸೌಟು ಹಿಡಿದು ನಿಂತಿದ್ದೆ. ಹಾಗಾದರೆ ಅದೇ ಸೌಟಿನಲ್ಲಿ ಎರಡು ಬಿಡುವುದೆಂದೂ ತೀರ್ಮಾನ ಮಾಡಿದ್ದೆ.

ಅವರು ಕೈ ನಿಲ್ಲಿಸಿ, ಗೋಡೆಯ ಕಡೆ ತಿರುಗಿದರು.

"ಅವ್ವ" ಎಂದರು. "ಸಾರಿಗೆ ಒಸಿ ಉಪ್ಪು ಕಮ್ಮಿ ಆಗೈತೆ ಕಣವ್ವ."

ಅತ್ತೆ ಎದ್ದ ವೇಗ ನೋಡಬೇಕಿತ್ತು. ಮಂಡಿನೋವಿನ ಹೆಂಗಸು ಒಂದೇ ಉಸಿರಿಗೆ ಅಡಿಗೆಮನೆಗೆ ಹೋಗಿ ಉಪ್ಪಿನ ಮರಿಗೆಯನ್ನೇ ಎತ್ತಿಕೊಂಡು ಬಂದರು. "ನಿನ್ ಹೆಂಡ್ತಿಗೆ ಎಷ್ಟ್ ಹೇಳಿದ್ರೂ ಅಷ್ಟೇ ಕಣ್ಲಾ, ಕೈಯಲ್ಲಿ ಅಳತೆನೇ ಇಲ್ಲ ಇವಳಿಗೆ" ಎಂದು ನನ್ನನ್ನು ಬೈಯುತ್ತ, ಕಣ್ಣೀರು ಸುರಿಸುತ್ತ, ಅವರ ತಟ್ಟೆಗೆ ಹಿಡಿ ಉಪ್ಪು ಹಾಕಿದರು. ಸಾಲದೆಂದು ಇನ್ನಷ್ಟು ಹಾಕಿದರು.

ಸಾರು ಮಾಡಿದವಳು ನಾನು. ಉಪ್ಪು ಸರಿಯಾಗಿಯೇ ಇತ್ತು. ಬೇರೆ ದಿನವಾಗಿದ್ದರೆ ಇಬ್ಬರನ್ನೂ ನಿಲ್ಲಿಸಿ ಕೇಳುತ್ತಿದ್ದೆ. ಇವರು ಆ ಉಪ್ಪನ್ನೆಲ್ಲ ಕಲೆಸಿಕೊಂಡು, ಮುಖ ಕಿವುಚದೆ, ಒಂದೊಂದು ತುತ್ತನ್ನೂ ನುಂಗಿದರು. "ಈಗ ಸರಿಯಾತು ಕಣವ್ವ" ಎಂದರು. ನಾನು ಬಾಯಿ ಮುಚ್ಚಿಕೊಂಡು, ಅತ್ತೆಗೂ ಒಂದು ತಟ್ಟೆ ಹಾಕಿದೆ.